ಕಾರಣ ಹೇಳದ ಪರದೆ

ಒಂದೂರಿನಲ್ಲಿ ಒಬ್ಬ ರಾಜನಿದ್ದ. ಆ ಊರಿಗೆ ಏಳು ಸುತ್ತಿನ ಕೋಟೆ ಇರಲಿಲ್ಲ, ಒಂದರಾಚೆ ಒಂದು ರಿಂಗ್ ರೋಡುಗಳಿದ್ದವು. ರಾಜನ ತಲೆಯ ಮೇಲೆ ಕಿರೀಟವಿರಲಿಲ್ಲ, ಹೆಗಲ ಮೇಲೆ ಕೈಯೊರೆಸುವ ಬೈರಾಸು ಇತ್ತು. ಗಲ್ಲಾಪೆಟ್ಟಿಗೆಯ ಹಿಂದಿನ ಎತ್ತರದ ಕುರ್ಚಿಯೇ ಸಿಂಹಾಸನ. ಹೆಸರು ಮೋನಪ್ಪ, ಪ್ರಜೆಗಳು ಕರೆಯುತ್ತಿದ್ದದ್ದು ಧಣಿ ಎಂದು. ಕರಾವಳಿಯಿಂದ ಲೋಟ ತೊಳೆಯಲು ಬಂದವನು ಜನಕಪುರಿಯಲ್ಲಿ ದೋಸೆಯ ಹೋಟೆಲು ಕಟ್ಟಿದ. ಆಮೇಲೆ ಘಾಜಿಯಾಬಾದಿನಲ್ಲಿ ಒಂದು, ಗ್ರೇಟರ್ ನೋಯ್ಡಾದಲ್ಲಿ ಇನ್ನೊಂದು ಎಂದು ರಾಜ್ಯ ಬೆಳೆಸಿದ.

ಆ ರಾಜನ ಬಳಿ ಒಂದು ಗಿಣಿ ಇತ್ತು. ಕಥೆಯ ಗಿಣಿಗಳು ಸಮುದ್ರದಾಚೆಯ ರಾಕ್ಷಸನ ಪ್ರಾಣ ಎಲ್ಲಿದೆಯೆಂದು ಹೇಳುತ್ತವೆ. ಈ ಗಿಣಿಗೆ ಬರುತ್ತಿದ್ದದ್ದು ಒಂದೇ ಮಾತು: ‘ಏನೋ ತಪ್ಪಾಗಿದೆ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ.’ ಏನು ತಪ್ಪು, ಯಾರ ತಪ್ಪು, ಸ್ವಲ್ಪ ಹೊತ್ತು ಅಂದರೆ ಎಷ್ಟು ಹೊತ್ತು ಎಂದು ಕೇಳಿದರೆ ಮತ್ತೆ ಅದೇ ಮಾತು. ಗಿಣಿಯೆಂದರೆ ಗಲ್ಲಾದ ಪಕ್ಕ ಒರಗಿಸಿಟ್ಟ ಒಂದು ಟ್ಯಾಬ್. ಅದರೊಳಗಿನ ವೆಬ್‌ಸೈಟನ್ನು ಬರೆದವಳು, ಆ ಒಂದೇ ಮಾತನ್ನು ಅದರ ಬಾಯಿಗೆ ತುರುಕಿದವಳು, ಮೋನಪ್ಪನ ತಂಗಿ ಚಂಪಾಳ ಮಗಳು ನಿರೀಕ್ಷಾ.

ನಿರೀಕ್ಷಾಳಿಗೆ ನೋಯ್ಡಾದ ಒಂದು ಕಂಪನಿಯಲ್ಲಿ ಕೆಲಸ. ಮಾವನ ಹೋಟೆಲುಗಳಿಗಾಗಿ ಅವಳು ಬಿಡುವಿನಲ್ಲಿ ಇದನ್ನು ಬರೆದುಕೊಟ್ಟಿದ್ದಳು. ಗಿರಾಕಿಗಳಿಗೆ ಇದು ಕಾಣುವುದಿಲ್ಲ. ಮನೆಯವರು ಮಾತ್ರ ಪಾಸ್‌ವರ್ಡ್ ಹಾಕಿ ಒಳಹೋಗುವ ಅಡ್ಮಿನ್ ಪುಟ. ಮೂರು ಹೋಟೆಲಿಗೂ ದೋಸೆ ಇಡ್ಲಿಯ ಹಿಟ್ಟು ರುಬ್ಬುವುದು ಘಾಜಿಯಾಬಾದಿನ ಅಡುಗೆಮನೆಯಲ್ಲಿ, ಚಂಪಾಳ ಉಸ್ತುವಾರಿಯಲ್ಲಿ. ನಾಳೆಗೆ ಎಷ್ಟು ಹಿಟ್ಟು ಬೇಕೆಂದು ಪ್ರತಿ ಹೋಟೆಲಿನವರೂ ಇವತ್ತು ಬೆಳಗ್ಗೆಯೇ ಆ ಪುಟದಲ್ಲಿ ಹಾಕಬೇಕು. ಒಟ್ಟು ನೋಡಿಕೊಂಡು ಚಂಪಾ ಅಕ್ಕಿ, ಉದ್ದು ನೆನೆಸುತ್ತಾಳೆ. ಮರುದಿನ ಮುಂಜಾನೆ ಟೆಂಪೊ ಹೊರಡುತ್ತದೆ.

ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ ಮಳೆಗಾಲ ಕಳೆದ ಮೇಲೆ ಜನಕಪುರಿಯ ಶುಕ್ರವಾರಗಳಿಗೆ ಏನೋ ಹಿಡಿದುಕೊಂಡಿತು. ಮೋನಪ್ಪ ಶನಿವಾರದ ಹಿಟ್ಟಿಗೆ ಆರ್ಡರ್ ಒತ್ತುತ್ತಾರೆ, ಗಿಣಿ ತನ್ನ ಮಾತು ಹೇಳುತ್ತದೆ. ಯಾರ ಮಾತಿಗೂ ಕಾಯದ ಮನುಷ್ಯ ಅದರ ಮಾತಿಗೆ ಕಟ್ಟುಬಿದ್ದು ಸ್ವಲ್ಪ ಹೊತ್ತು ಬಿಡುತ್ತಾರೆ, ಮತ್ತೆ ಒತ್ತುತ್ತಾರೆ, ಮತ್ತೆ ಬಿಡುತ್ತಾರೆ. ಕೊನೆಗೆ ಸಿಟ್ಟಿನಿಂದ ಫೋನು ಮಾಡುವಷ್ಟರಲ್ಲಿ ಘಾಜಿಯಾಬಾದಿನಲ್ಲಿ ಅಕ್ಕಿ ನೆನೆದು, ಅಳತೆ ಮುಗಿದು, ಗ್ರೈಂಡರ್ ತಿರುಗುತ್ತಿರುತ್ತದೆ. ಹುಳಿ ಬರಬೇಕಾದ ಹಿಟ್ಟನ್ನು ಅವಸರಪಡಿಸುವುದು ದೊಡ್ಡ ರಾಜನಿಗೂ ಸಾಧ್ಯವಿಲ್ಲ. ಶನಿವಾರವೆಂದರೆ ಸರ್ಕಾರಿ ಕಚೇರಿಗಳಿಗೆ ರಜೆ, ಜನಕಪುರಿಯ ಸಂಸಾರಗಳೆಲ್ಲ ದೋಸೆಗೆ ಬರುವ ದಿನ. ಬಂದವರಿಗೆ ಉಪ್ಪಿಟ್ಟು.

ಮಂತ್ರಾಲಯವೊಂದರಲ್ಲಿ ಸೆಕ್ಷನ್ ಆಫೀಸರಾಗಿ ನಿವೃತ್ತರಾದ ದಕ್ಷಿಣಾಮೂರ್ತಿಯವರು ಬಾಗಿಲ ಬಳಿಯ ಮೇಜು ಬಿಟ್ಟು ಬೇರೆಲ್ಲೂ ಕೂರದವರು. ಅವರು ಉಪ್ಪಿಟ್ಟಿನ ತಟ್ಟೆಯನ್ನು ಚಮಚದಿಂದ ತಟ್ಟಿ, “ಮೋನಪ್ಪನವರೇ, ನಲವತ್ತು ವರ್ಷ ಸರ್ಕಾರದಲ್ಲಿ ನಾನೂ ಇದೇ ಹೇಳ್ತಿದ್ದೆ. ಏನೋ ತಪ್ಪಾಗಿದೆ, ಆಮೇಲೆ ಬನ್ನಿ. ನಿಮ್ಮ ಯಂತ್ರಕ್ಕೆ ಯಾರು ಟ್ರೇನಿಂಗ್ ಕೊಟ್ಟದ್ದು?” ಎಂದರು. ಸುತ್ತಲಿನ ಮೇಜಿನವರು ನಕ್ಕರು. ಮೋನಪ್ಪ ನಗಲಿಲ್ಲ.

ಅವರ ತಲೆಯಲ್ಲಿ ಬೇರೊಂದು ಲೆಕ್ಕ ಓಡುತ್ತಿತ್ತು. ಜನಕಪುರಿಯಲ್ಲಿ ದೋಸೆಯಿಲ್ಲದ ಶನಿವಾರಗಳಲ್ಲೇ ಗ್ರೇಟರ್ ನೋಯ್ಡಾದ ಹೋಟೆಲಿನಲ್ಲಿ ಜಾತ್ರೆಯಂಥ ವ್ಯಾಪಾರ. ಅಲ್ಲಿನ ಗಲ್ಲಾದಲ್ಲಿ ಕೂರುವವನು ಹಿತೇಶ್, ಚಂಪಾಳ ಮಗ, ನಿರೀಕ್ಷಾಳ ಅಣ್ಣ. ಹಿಟ್ಟಿನ ಕೀಲಿ ತಾಯಿಯ ಕೈಯಲ್ಲಿ, ಹಿಟ್ಟು ಸುರಿಯುವ ಹೆಂಚು ಮಗನ ಕೈಯಲ್ಲಿ.

ಭಾನುವಾರ ಎಲ್ಲರೂ ಜನಕಪುರಿಯಲ್ಲಿ, ಹೋಟೆಲಿನ ಮೇಲಿನ ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಮೋನಪ್ಪ ಕೋಳಿಸಾರು ಬಡಿಸಿಕೊಳ್ಳುತ್ತ ಮಾತು ತೆಗೆದರು.

“ನಿರೀಕ್ಷಾ, ತಪ್ಪು ಏನು ಅಂತ ನಿನ್ನ ಮೆಶೀನಿಗೆ ಗೊತ್ತಿಲ್ವಾ?”

“ಗೊತ್ತಿರ್ತದೆ ಮಾವ. ಹೇಳುವ ಹಾಗೆ ನಾನು ಬರೆದಿಲ್ಲ, ಅಷ್ಟೆ. ಏನೇ ಆದ್ರೂ ಒಂದೇ ವಾಕ್ಯ ತೋರಿಸು ಅಂತ ಹಾಕಿಬಿಟ್ಟಿದ್ದೆ. ನಿಮಗೆ ಅವಸರ ಇತ್ತಲ್ಲ.”

“ನನ್ನ ಕಡೆ ಆರ್ಡರ್ ಸರಿಯಾಗಿ ಹೋಗ್ತದೆ ಮಾವ,” ಎಂದ ಹಿತೇಶ್. “ಆಪ್‌ಕೇ ಯಹಾ ನೆಟ್‌ವರ್ಕ್ ಇಶ್ಯೂ ಇರ್ಬೇಕು.”

“ನಿನ್ನ ಕಡೆ ಹೋಗ್ತದೆ,” ಮೋನಪ್ಪ ಮೂಳೆಯನ್ನು ತಟ್ಟೆಯ ಅಂಚಿಗೆ ಸರಿಸಿದರು. “ನಾನೂ ಅದನ್ನೇ ಯೋಚನೆ ಮಾಡ್ತಾ ಇದ್ದೇನೆ.”

ಆಗ ಚಂಪಾ ತಲೆಯೆತ್ತದೆ, “ನಾನೇ ಏನೋ ತಪ್ಪು ಒತ್ತಿರಬೇಕು ಅಣ್ಣ. ನಂಗೆ ಆ ಲ್ಯಾಪ್‌ಟಾಪ್ ಅಷ್ಟು ಆಗಿಬರುದಿಲ್ಲ,” ಎಂದಳು.

ನಿರೀಕ್ಷಾಳ ಕೈ ತುತ್ತಿನ ಮೇಲೆ ನಿಂತಿತು. ಅಮ್ಮ ಆ ಲ್ಯಾಪ್‌ಟಾಪಿನಲ್ಲಿ ತಪ್ಪು ಒತ್ತಿದ್ದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

“ಒತ್ತಿದ್ದು ಯಾರು ಅಂತ ಅದೇ ಹೇಳಲಿ,” ಎಂದರು ಮೋನಪ್ಪ. “ಕಾರಣವೂ ಬೇಕು, ಹೆಸರೂ ಬೇಕು. ಕನ್ನಡದಲ್ಲಿ, ನಾನು ಓದುವ ಹಾಗೆ. ಬರುವ ಶನಿವಾರದೊಳಗೆ ಮಾಡಿಕೊಡ್ತೀಯಾ?”

“ಮಾಡ್ತೇನೆ ಮಾವ.”

“ಮಾತು ಕೊಟ್ಟಿದ್ದೀ. ಅಷ್ಟರೊಳಗೆ ಗೊತ್ತಾಗದಿದ್ರೆ ಊರಿಂದ ಅಡುಗೆಯ ಶಂಕರನನ್ನ ಕರೆಸ್ತೇನೆ. ಅಡುಗೆಮನೆಯ ಬೀಗದಕೈ ಅವನಿಗೆ. ಚಂಪಾ, ನೀನು ಆಮೇಲೆ ಮನೆಯಲ್ಲಿ ಆರಾಮ ಕೂತ್ಕೋ.”

ಆರಾಮ ಎಂಬ ಮಾತು ಅಮ್ಮನ ಮುಖದ ಮೇಲೆ ಹೇಗೆ ಬಿತ್ತೆಂಬುದನ್ನು ನಿರೀಕ್ಷಾ ನೋಡಿದಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಸೆರಗು ಬಿಗಿದು ಎದ್ದು ನಿಂತದ್ದೇ ಆ ಅಡುಗೆಮನೆಯಲ್ಲಿ. ಬೀಗದಕೈ ಅವಳ ಸೊಂಟಕ್ಕೆ ಎಷ್ಟು ಒಗ್ಗಿತ್ತೆಂದರೆ ಮದುವೆಮನೆಗಳಿಗೂ ಅದು ರೇಷ್ಮೆ ಸೀರೆಯಲ್ಲಿ ತೂಗಿಕೊಂಡು ಹೋಗುತ್ತಿತ್ತು.

ಮರುದಿನವೇ ನಿರೀಕ್ಷಾ ತನ್ನ ಹಳೆಯ ಕೋಡ್ ಬಿಡಿಸಿ ಕೂತಳು. ಕಾರಣ ಸಿಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೋಟೆಲಿಗೆ ‘ನಾಳೆ ರಜೆ’ ಎಂದು ಗುರುತು ಹಾಕುವ ಒಂದು ಗುಂಡಿಯನ್ನು ಅವಳೇ ಇಟ್ಟಿದ್ದಳು. ರಜೆಯ ದಿನಕ್ಕೆ ಹಿಟ್ಟು ಬೇಡವಷ್ಟೆ. ಗುರುತು ಇದ್ದರೆ ಆರ್ಡರ್ ತಿರಸ್ಕಾರವಾಗುತ್ತದೆ. ಒಂದು ದಿನ ಕಳೆದ ಮೇಲೆ ಗುರುತು ತಾನಾಗಿ ಅಳಿದುಹೋಗುತ್ತದೆ. ಒಳಗಿನ ದಾಖಲೆ ನೋಡಿದರೆ, ಹಾಳಾದ ಶನಿವಾರಗಳಿಗೆಲ್ಲ ಯಾರೋ ಜನಕಪುರಿಯ ಹೆಸರಿನಲ್ಲಿ ಆ ಗುರುತು ಹಾಕಿದ್ದರು. ಹಾಕಿದವರ ಹೆಸರು ಇರಬೇಕಾದ ಜಾಗದಲ್ಲಿ ‘ಧಣಿ’ ಎಂದಿತ್ತು; ಎಷ್ಟು ಹೊತ್ತಿಗೆ, ಯಾವ ಯಂತ್ರದಿಂದ ಎಂದು ಬರೆದಿಡುವ ಹಾಗೆ ಅವಳು ಮಾಡಿರಲಿಲ್ಲ.

ಅದರಿಂದ ಏನೂ ತಿಳಿಯುವ ಹಾಗಿರಲಿಲ್ಲ. ಪುಟಕ್ಕೆ ಎಲ್ಲರೂ ಒಳಹೋಗುತ್ತಿದ್ದದ್ದು ಧಣಿಯ ಹೆಸರಿನಲ್ಲೇ. ಪ್ರತಿಯೊಬ್ಬರಿಗೂ ಬೇರೆ ಬೇರೆ ಹೆಸರು ಕೊಡುತ್ತೇನೆಂದು ಅವಳು ಮೊದಲೇ ಹೇಳಿದ್ದಳು. “ನನ್ನ ಹೋಟೆಲಲ್ಲಿ ಕಡ್ಡಿ ಅಲ್ಲಾಡಿದ್ರೂ ನನ್ನ ಹೆಸರಲ್ಲೇ ಅಲ್ಲಾಡ್ಬೇಕು,” ಎಂದು ಮಾವ ಒಪ್ಪಿರಲಿಲ್ಲ. ಹಾಗಾಗಿ ಘಾಜಿಯಾಬಾದಿನಲ್ಲಿ ಲ್ಯಾಪ್‌ಟಾಪ್ ತೆರೆಯುವ ಅಮ್ಮನೂ ಧಣಿ, ಗ್ರೇಟರ್ ನೋಯ್ಡಾದಲ್ಲಿ ಫೋನ್ ಹಿಡಿಯುವ ಹಿತೇಶನೂ ಧಣಿ.

ಹೆಸರುಗಳನ್ನು ಬೇರೆ ಮಾಡಿ ಆ ಒಂದು ವಾಕ್ಯವನ್ನು ಬದಲಿಸಿದರೆ ಮುಗಿಯಿತು. ನಿರೀಕ್ಷಾ ಎಲ್ಲವನ್ನೂ ಬರೆದಳು, ಆದರೆ ಸೈಟಿಗೆ ಏರಿಸಲಿಲ್ಲ. ಏರಿಸಿದರೆ ಅದು ಬಾಯಿ ಬಿಡುತ್ತದೆ. ಬಾಯಿ ಬಿಟ್ಟು ‘ಚಂಪಾ’ ಎಂದುಬಿಟ್ಟರೆ?

ಆಮೇಲೆ ಅವಳಿಗೆ ಕಂಡದ್ದೆಲ್ಲ ಸಂಶಯವೇ. ಅಮ್ಮ ಸಂಜೆ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಪಿಸುಗುಡುತ್ತಿದ್ದಳು; ನಿರೀಕ್ಷಾ ಬಟ್ಟೆ ತೆಗೆಯುವ ನೆಪದಲ್ಲಿ ಹೋದರೆ, “ಸರಿ, ಇಡ್ತೇನೆ,” ಎಂದು ಕತ್ತರಿಸುತ್ತಿದ್ದಳು. ಯಾರು ಎಂದು ಕೇಳಿದರೆ, “ಹಾಲಿನ ಭಯ್ಯಾ.” ಹಾಲಿನ ಭಯ್ಯಾನ ಜೊತೆ ಅಮ್ಮ ಕನ್ನಡದಲ್ಲಿ ಮಾತಾಡುವುದು ಯಾವಾಗಿನಿಂದ? ಲ್ಯಾಪ್‌ಟಾಪ್ ಇಡುವ ಕಪಾಟಿಗೆ ಹೊಸದಾಗಿ ಚಿಲಕ ಬಂದಿತ್ತು. ಇಲಿಯ ಕಾಟವೆಂದಳು ಅಮ್ಮ. ಆ ಇಲಿಯನ್ನು ಇನ್ನೊಬ್ಬರು ಕಂಡಿರಲಿಲ್ಲ.

ಅರ್ಧ ದಿನ ರಜೆ ಹಾಕಿ ಅವಳು ಗ್ರೇಟರ್ ನೋಯ್ಡಾಕ್ಕೆ ಹೋದಳು. ಹಿತೇಶ್ ಕಾಲೇಜು ಹುಡುಗರ ಗುಂಪಿಗೆ ಬಿಲ್ಲು ಕೊಡುತ್ತಿದ್ದ.

“ಅರೇ, ಇನ್ಸ್‌ಪೆಕ್ಟರ್ ಸಾಹಿಬಾ. ರೇಡ್ ಮಾಡೋಕೆ ಬಂದ್ಯಾ? ಮೊದಲು ಮಸಾಲೆದೋಸೆ ತಿನ್ನು, ಆಮೇಲೆ ಅರೆಸ್ಟ್ ಮಾಡು.”

“ಶುಕ್ರವಾರ ನೀನು ಅಡುಗೆಮನೆಗೆ ಯಾಕೆ ಹೋಗ್ತೀ ಅಣ್ಣ?”

“ಚಟ್ನಿಪುಡಿ ತರೋಕೆ. ಯಾರ್, ಅಮ್ಮನ ಮನೆಗೆ ಹೋಗೋಕೂ ಪರ್ಮಿಷನ್ ಬೇಕಾ?”

“ಲ್ಯಾಪ್‌ಟಾಪ್ ಮುಟ್ತೀಯಾ?”

“ಹಾಡು ಹಾಕ್ತೇನೆ.” ಅವನ ನಗು ಸ್ವಲ್ಪ ಸಣ್ಣದಾಯಿತು. “ನಿರೀ, ನೀನು ಮಾವನ ಪರವಾಗಿ ಕೇಳ್ತಿದ್ದೀಯಾ?”

“ಶನಿವಾರ ನಿನಗೆ ಹೆಚ್ಚಿನ ಹಿಟ್ಟು ಬರ್ತದಲ್ಲ.”

“ಬರ್ತದೆ, ಯಾಕಂದ್ರೆ ನಾನು ಹೆಚ್ಚು ಆರ್ಡರ್ ಹಾಕ್ತೇನೆ. ವೀಕೆಂಡ್ ಇಲ್ಲಿ ಸೊಸೈಟಿಯವರೆಲ್ಲ ಬರ್ತಾರೆ.” ಅವನು ಬಿಲ್ಲಿನ ಮೆಶೀನಿನ ಕಡೆ ತಿರುಗಿದ. “ಒಂದು ಮಾತು ಕೇಳು. ಈ ಎರರ್ ವಿಷಯ ಜಾಸ್ತಿ ಕೆದಕಬೇಡ. ಅಮ್ಮನೂ ಅದನ್ನೇ ಹೇಳ್ತಿದ್ರು.”

ಅಲ್ಲಿಗೆ ಬಾಲ್ಕನಿಯ ಫೋನು ಯಾರದೆಂದು ಗೊತ್ತಾಯಿತು. ವಾಪಸು ಬರುವಾಗ ಕ್ಯಾಬಿನ ಕಿಟಕಿಯಾಚೆ ಅರ್ಧ ಕಟ್ಟಿದ ಅಪಾರ್ಟ್‌ಮೆಂಟುಗಳು ಸಾಲಾಗಿ ಹಿಂದೆ ಸರಿದವು. ತಾಯಿ ಮಗ ಸೇರಿಕೊಂಡೇ ಮಾಡಿದ್ದಾರೆ, ಮಾವನ ಸಂಶಯವೇ ನಿಜ ಎಂದು ಅವಳ ಮನಸ್ಸು ಒಂದು ಕಥೆ ಕಟ್ಟಿತು. ಕಥೆ ಎಷ್ಟು ಸಲೀಸಾಗಿ ಕಟ್ಟಿಕೊಂಡಿತೆಂದರೆ ಅವಳಿಗೇ ಹೆದರಿಕೆಯಾಯಿತು.

ಗುರುವಾರ ಅವಳು ನೇರವಾಗಿ ಅಡುಗೆಮನೆಗೆ ಹೋದಳು. ಗ್ರೈಂಡರ್ ಸದ್ದು ಮಾಡುತ್ತಿತ್ತು. ಅಮ್ಮ ಉದ್ದಿನ ಹಿಟ್ಟನ್ನು ಬೆರಳಲ್ಲಿ ತೆಗೆದು ನೀರಿನ ಲೋಟಕ್ಕೆ ಬಿಟ್ಟು ತೇಲುತ್ತದೆಯೇ ಎಂದು ನೋಡುತ್ತಿದ್ದಳು.

“ಅಮ್ಮ, ಎರರ್ ಕೆದಕಬೇಡ ಅಂತ ಹಿತೇಶಣ್ಣನ ಹತ್ರ ಯಾಕೆ ಹೇಳಿದ್ದು?”

ಅಮ್ಮ ಗ್ರೈಂಡರ್ ನಿಲ್ಲಿಸಿದಳು. ಸದ್ದು ಅಡಗಿದ ಮೇಲೆ ಕೋಣೆ ತುಂಬ ದೊಡ್ಡದಾಗಿ ಕಂಡಿತು.

“ನಿನಗೆ ಬೇಜಾರಾಗ್ತದೆ ಅಂತ ಹೇಳಿರ್ಲಿಲ್ಲ. ನೀನು ಬರೆದದ್ದರಲ್ಲೇ ಏನೋ ಐಬು ಇದೆ, ಅಲ್ವಾ? ನಂಗೆ ಮೊದಲನೇ ಸಲವೇ ಅನಿಸಿತ್ತು. ಅಣ್ಣನ ಬಾಯಿ ನಿಂಗೆ ಗೊತ್ತುಂಟಲ್ಲ, ಓದಿಸಿದ್ದು ದಂಡ ಅಂತ ಊರಿಡೀ ಹೇಳ್ತಾನೆ. ಅದಕ್ಕೆ ನಾನೇ ಒತ್ತಿದ್ದು ಅಂದೆ. ಹಿತೇಶನಿಗೂ ಬಾಯಿ ಮುಚ್ಚಿಕೊಂಡಿರು ಅಂದೆ.”

“ನನ್ನ ಮೇಲೆ ಸಂಶಯವಾ ನಿಂಗೆ?”

“ನಿಂಗೆ ನನ್ನ ಮೇಲೆ ಇರ್ಲಿಲ್ವಾ?” ಅಮ್ಮ ಅವಳ ಮುಖವನ್ನೇ ನೋಡಿದಳು. “ಬಟ್ಟೆ ಒಣಗುವ ಮೊದಲೇ ತೆಗೀಲಿಕ್ಕೆ ಬರ್ತಿದ್ದೀಯಲ್ಲ, ದಿನಾ.”

ಇಬ್ಬರಿಗೂ ನಗು ಬಂದಿತು, ಆದರೆ ಪೂರ್ತಿ ಬರಲಿಲ್ಲ. ಚಿಲಕದ ವಿಷಯ ಕೇಳಲು ನಿರೀಕ್ಷಾಳ ನಾಲಗೆ ತುದಿಯವರೆಗೂ ಬಂದಿತು. ಕೇಳಿದರೆ ಇದಕ್ಕೂ ಅಮ್ಮನ ಬಳಿ ಒಂದು ಉತ್ತರ ಇರುತ್ತದೆ, ಆ ಉತ್ತರವನ್ನೂ ತಾನು ತಿರುಗಿಸಿ ಮುರುಗಿಸಿ ನೋಡುತ್ತೇನೆ ಎನಿಸಿ ಸುಮ್ಮನಾದಳು. ಲ್ಯಾಪ್‌ಟಾಪ್ ತೆರೆದು ಅದಕ್ಕೆ ‘ಚಂಪಾ’ ಎಂಬ ಹೊಸ ಹೆಸರು ಕೊಟ್ಟಳು. ಹಿತೇಶನಿಗೆ ಅವನ ಪಾಸ್‌ವರ್ಡ್ ಕಳಿಸಿದಳು. ಅದೇ ಸಂಜೆ ಮೆಟ್ರೋ ಹಿಡಿದು ಜನಕಪುರಿಗೆ ಹೋಗಿ ಮಾವನ ಟ್ಯಾಬಿಗೆ ‘ಮೋನಪ್ಪ’ ಎಂದು ಹಾಕಿಕೊಟ್ಟಳು. ಇನ್ನು ಯಾರು, ಎಷ್ಟು ಹೊತ್ತಿಗೆ, ಯಾವ ಯಂತ್ರದಿಂದ ಒತ್ತಿದರೆಂಬುದು ಒಳಗೇ ದಾಖಲಾಗುತ್ತಿತ್ತು.

“ನನ್ನ ಹೋಟೆಲಲ್ಲಿ ನಾನೂ ಹೆಸರು ಹೇಳ್ಬೇಕಾ?” ಎಂದು ಅವರು ಗೊಣಗಿದರು.

“ಹೆಸರು ಬೇಕು ಅಂದದ್ದು ನೀವೇ ಮಾವ.”

“ಗಿಣಿ ಮಾತಾಡ್ತದಾ ಈಗ?”

“ನಾಳೆ.” ಹೊಸ ವಾಕ್ಯವನ್ನು ಸೈಟಿಗೆ ಏರಿಸುವುದೊಂದು ಬಾಕಿಯಿತ್ತು. ಅದಕ್ಕೆ ಅವಳ ಬೆರಳು ಇನ್ನೂ ಏಳುತ್ತಿರಲಿಲ್ಲ. ಆ ದಿನ ಅವಳು ಮಾವನ ಮನೆಯಲ್ಲೇ ಉಳಿದಳು.

ಶುಕ್ರವಾರ ಬೆಳಗ್ಗೆ ಕಾಫಿಗೆಂದು ಹೋಟೆಲಿಗೆ ಇಳಿದಾಗ ಕೆಳಗೆ ಧೂಪದ ಹೊಗೆ. ಇನ್ನೂ ಬಾಗಿಲು ತೆಗೆದಿರಲಿಲ್ಲ. ಮಿಂದು ಮಡಿಯುಟ್ಟ ಮೋನಪ್ಪ ಶುಕ್ರವಾರದ ಪೂಜೆಯಲ್ಲಿದ್ದರು. ಬೇರೆ ದಿನ ದೇವರ ಪಟಕ್ಕೆ ಮಾತ್ರ. ಶುಕ್ರವಾರ ಅನ್ನ ಕೊಡುವ ಪ್ರತಿಯೊಂದು ವಸ್ತುವಿಗೂ ಗಂಧ, ಹೂವು. ದೋಸೆಯ ಹೆಂಚಿಗೆ, ಕಾಫಿಯ ಫಿಲ್ಟರಿಗೆ, ಗಲ್ಲಾಪೆಟ್ಟಿಗೆಗೆ. ಮೊದಲಾದರೆ ಅಲ್ಲಿಗೆ ಮುಗಿಯುತ್ತಿತ್ತಂತೆ. ಈ ಚೌತಿಯಿಂದೀಚೆಗೆ ಅವರು ಟ್ಯಾಬನ್ನೂ ಆ ಸಾಲಿಗೆ ಸೇರಿಸಿಕೊಂಡಿದ್ದರು. ಅದೂ ಹೋಟೆಲಿನ ಆಳೇ ಅಲ್ಲವೇ. ಅವರು ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಗುನುಗುತ್ತ, ಉಂಗುರಬೆರಳನ್ನು ಗಂಧದ ಬಟ್ಟಲಿಗೆ ಅದ್ದಿ, ಟ್ಯಾಬಿನ ನಟ್ಟನಡುವೆ ಒತ್ತಿದರು.

ಮಲಗಿದ್ದ ಪರದೆ ಸಣ್ಣಗೆ ಬೆಳಗಿತು. ಅವರು ತಿಲಕವನ್ನು ಸರಿಪಡಿಸಲು ಮತ್ತೊಮ್ಮೆ ಒತ್ತಿದರು.

ನಿರೀಕ್ಷಾ ಮೆಟ್ಟಿಲ ಮೇಲೆಯೇ ನಿಂತಳು. ಪರದೆಯ ನಡುವೆ ಏನಿದೆಯೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ‘ಹಳೇ ಹೋಟೆಲು ದೇವರ ಹಾಗೆ, ಅದು ನಡುವೆಯೇ ಇರಬೇಕು’ ಎಂದು ಮಾವ ಹಟ ಹಿಡಿದದ್ದರಿಂದ ಎಡಕ್ಕೆ ಘಾಜಿಯಾಬಾದ್, ಬಲಕ್ಕೆ ಗ್ರೇಟರ್ ನೋಯ್ಡಾ, ಮಧ್ಯದಲ್ಲಿ ಜನಕಪುರಿ. ಜನಕಪುರಿಯ ಕೆಳಗೆ ಅಗಲವಾದ ‘ನಾಳೆ ರಜೆ’ ಗುಂಡಿ. ಒತ್ತಿದರೆ ಬಿಳಿಯಿಂದ ತಿಳಿಬೂದಿಗೆ ತಿರುಗುತ್ತದೆ, ಅಷ್ಟೆ. ಖಚಿತವೇ ಎಂದು ಕೇಳುವುದಿಲ್ಲ. ಆ ಬೂದಿಯೂ ಈಗ ಹಳದಿ ಗಂಧದ ಕೆಳಗೆ ಅಡಗಿತ್ತು. ಬೆರಳು ಆಚೀಚೆ ಬಿದ್ದ ಶುಕ್ರವಾರಗಳಲ್ಲಿ ದೋಸೆ, ನೇರ ಬಿದ್ದ ಶುಕ್ರವಾರಗಳಲ್ಲಿ ಉಪ್ಪಿಟ್ಟು. ಪೂಜೆಯ ಗಂಧವನ್ನು ಮಧ್ಯಾಹ್ನದ ಮೊದಲು ಒರೆಸುವುದು ಆ ಮನೆಯ ಪದ್ಧತಿಯಲ್ಲ. ಅದನ್ನು ಮುಟ್ಟದೆ ಸುತ್ತಲೇ ಬೆರಳಾಡಿಸಬೇಕು.

ಮೋನಪ್ಪ ಕರ್ಪೂರ ಹಚ್ಚಿ ಟ್ಯಾಬಿಗೆ ಆರತಿ ಎತ್ತಿದರು. “ಬಾ, ಮಂಗಳಾರತಿ ತಗೋ,” ಎಂದರು.

ಅವಳು ತೆಗೆದುಕೊಂಡಳು. ಈಗಲೇ ಹೇಳಿಬಿಡಬಹುದಿತ್ತು. ಆದರೆ ಹೇಳುವ ಬಾಯಿ ಚಂಪಾಳ ಮಗಳದ್ದು. ‘ತಾಯಿಯನ್ನ ಬಿಡಿಸಲಿಕ್ಕೆ ದೇವರ ಗಂಧವನ್ನೇ ದೂರ್ತೀಯಾ?’ ಎನ್ನುವ ಮಾವನ ದನಿ ಅವಳಿಗೆ ಆಗಲೇ ಕೇಳಿಸುತ್ತಿತ್ತು.

ತಿಂಡಿಯ ಗದ್ದಲ ಇಳಿಯಿತು. ಬಾಗಿಲ ಬಳಿಯ ಮೇಜಿನಲ್ಲಿ ದಕ್ಷಿಣಾಮೂರ್ತಿಯವರು ಪೇಪರ್ ಬಿಡಿಸಿದ್ದರು. ನಿರೀಕ್ಷಾ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ತಾನು ಬರೆದಿಟ್ಟಿದ್ದ ವಾಕ್ಯವನ್ನು ನೋಡಿದಳು. ಅದನ್ನು ಈಗಲೂ ಬದಲಿಸಬಹುದು. ‘ತಾಂತ್ರಿಕ ದೋಷ, ಸರಿಪಡಿಸಲಾಗಿದೆ’ ಎಂದು ಬರೆದರೆ ಯಾರ ಮುಖವೂ ಬಾಡುವುದಿಲ್ಲ. ಆದರೆ ಅಮ್ಮ ತನ್ನ ತಲೆಗೆ ಹಾಕಿಕೊಂಡ ತಪ್ಪು ಅಮ್ಮನ ತಲೆಯ ಮೇಲೇ ಉಳಿಯುತ್ತದೆ; ಮಾವ ಇಂದಿನಿಂದ ಕೊನೆಯವರೆಗೂ ಅಮ್ಮನ ಕೈಯನ್ನೇ ನೋಡುತ್ತಿರುತ್ತಾರೆ. ಅವಳು ವಾಕ್ಯವನ್ನು ಇದ್ದ ಹಾಗೆಯೇ ಸೈಟಿಗೆ ಏರಿಸಿದಳು.

“ಮಾವ, ಈಗ ಆರ್ಡರ್ ಒತ್ತಿ.”

ಮೋನಪ್ಪ ಕನ್ನಡಕ ಏರಿಸಿ, ಗಂಧವನ್ನು ಮುಟ್ಟದೆ, ಬೇಕಾದ ಹಿಟ್ಟನ್ನು ತುಂಬಿಸಿ ಒತ್ತಿದರು. ಪರದೆಯ ಮೇಲ್ಭಾಗದಲ್ಲಿ ಒಂದು ಕೆಂಪು ಪಟ್ಟಿ ಇಳಿಯಿತು. ಅವರು ಜೋರಾಗಿ ಓದತೊಡಗಿದರು. ಯಾರದೋ ಹೆಸರು ಬರುತ್ತದೆ, ಎಲ್ಲರೂ ಕೇಳಲಿ ಎಂಬಂತೆ.

“ಆರ್ಡರ್ ಸ್ವೀಕರಿಸಲಾಗಿಲ್ಲ. ಕಾರಣ: ಜನಕಪುರಿ ಹೋಟೆಲಿಗೆ ನಾಳೆ ರಜೆ ಎಂದು ಗುರುತು ಹಾಕಲಾಗಿದೆ. ಗುರುತು ಹಾಕಿದವರು…”

ದನಿ ನಿಂತಿತು. ತುಟಿ ಮಾತ್ರ ಅಲ್ಲಾಡಿತು.

“ಜೋರಾಗಿ ಓದಿ, ಕಿವಿ ಸ್ವಲ್ಪ ಮಂದ,” ಎಂದರು ದಕ್ಷಿಣಾಮೂರ್ತಿ.

ಮೋನಪ್ಪ ನಿರೀಕ್ಷಾಳ ಕಡೆ ತಿರುಗಿದರು. “ಇದು ನೀನು ಬರೆದದ್ದು. ನಿನ್ನಮ್ಮನನ್ನ ಉಳಿಸಲಿಕ್ಕೆ ನನ್ನ ಹೆಸರು ಹಾಕಿದ್ದೀ.”

“ವಾಕ್ಯ ನಾನು ಬರೆದದ್ದು. ಹೆಸರು, ಹೊತ್ತು ಅದೇ ತುಂಬಿಸಿಕೊಂಡದ್ದು. ಕೊನೆಯ ಸಾಲು ಓದಿ ಮಾವ.”

“ಇಂದು ಬೆಳಗ್ಗೆ ಆರೂಕಾಲಿಗೆ, ಜನಕಪುರಿಯ ಟ್ಯಾಬಿನಿಂದ.” ಅವರು ಹುಬ್ಬು ಗಂಟಿಕ್ಕಿದರು. “ಆಗ ಬಾಗಿಲೇ ತೆಗೆದಿರ್ಲಿಲ್ಲ. ಆಗ ನಾನು ಪೂಜೆ…”

ಅವರ ಕಣ್ಣು ಮೆಲ್ಲನೆ ಪರದೆಯ ನಡುವಿಗೆ ಇಳಿಯಿತು. ಒಣಗಿ ಬಿರಿದ ಗಂಧದ ಸಂದಿನಿಂದ ‘ರಜೆ’ ಎಂಬ ಅಕ್ಷರಗಳು ಇಣುಕುತ್ತಿದ್ದವು. ಮೋನಪ್ಪ ತಮ್ಮ ಉಂಗುರಬೆರಳನ್ನು ಎತ್ತಿ, ಬೇರೆ ಯಾರದೋ ಬೆರಳೆಂಬಂತೆ ತಿರುಗಿಸಿ ನೋಡಿದರು. ಅದರ ತುದಿ ಇನ್ನೂ ಹಳದಿಯಾಗಿತ್ತು.

“ಈ ಕೆಂಪು ಪಟ್ಟಿ ಘಾಜಿಯಾಬಾದಿನಲ್ಲೂ ಕಾಣ್ತದಾ?” ಎಂದು ಕೊನೆಗೆ ಕೇಳಿದರು, ತಗ್ಗಿದ ದನಿಯಲ್ಲಿ.

“ಅಡ್ಮಿನ್ ಪುಟ ತೆರೆದ ಎಲ್ಲ ಕಡೆಯೂ ಕಾಣ್ತದೆ ಮಾವ.”

ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು. ಮೋನಪ್ಪ ಅದನ್ನು ಸ್ವಲ್ಪ ಹೊತ್ತು ನೋಡಿ, ಎತ್ತಿದರು. ಆಚೆಯಿಂದ ಚಂಪಾಳ ದನಿ ನಿರೀಕ್ಷಾಳಿಗೂ ಕೇಳಿಸಿತು. ಅದರಲ್ಲಿ ಕೊಂಕು ಇರಲಿಲ್ಲ. ಇಲ್ಲದಂತೆ ಅವಳು ಕಷ್ಟಪಟ್ಟು ನೋಡಿಕೊಂಡಿದ್ದಳು.

“ಅಣ್ಣ, ನಾಳೆ ಜನಕಪುರಿಗೆ ರಜೆಯಾ? ಅಲ್ಲ, ಅಕ್ಕಿ ಎಷ್ಟು ನೆನೆಸ್ಲಿ ಅಂತ ಕೇಳಿದೆ.”

ಮೋನಪ್ಪ ಬೈರಾಸಿನ ತುದಿಯನ್ನು ನೀರಿಗೆ ಅದ್ದಿದರು. ಮಧ್ಯಾಹ್ನ ಇನ್ನೂ ದೂರವಿತ್ತು. ಒಂದು ಗಳಿಗೆ ದೇವರ ಪಟದ ಕಡೆ ನೋಡಿ, ಟ್ಯಾಬಿನ ಗಂಧವನ್ನು ಒರೆಸಿದರು.

“ರಜೆ ಇಲ್ಲ. ಯಾವಾಗಿನಷ್ಟೇ ನೆನೆಸು.” ಒರೆಸುತ್ತಲೇ ಸೇರಿಸಿದರು. “ನೀನೇ ನೆನೆಸು ಚಂಪಾ. ಶಂಕರನಿಗೆ ನಾನು ಫೋನ್ ಮಾಡ್ಲಿಲ್ಲ. ಮಾಡುದೂ ಇಲ್ಲ.”

ಕೆಂಪು ಪಟ್ಟಿಯ ಕೊನೆಯಲ್ಲಿ ನಿರೀಕ್ಷಾ ಇಟ್ಟಿದ್ದ ‘ರಜೆಯ ಗುರುತು ತೆಗೆಯಲು ಇಲ್ಲಿ ಒತ್ತಿ’ ಎಂಬ ಸಾಲನ್ನು ಅವರು ಎರಡು ಸಲ ಓದಿದರು. ಬಲಗೈಯ ತೋರುಬೆರಳನ್ನು ಪಂಚೆಗೆ ಒರೆಸಿಕೊಂಡು, ಕಣ್ಣು ತೆರೆದಿಟ್ಟುಕೊಂಡು, ಅದರ ಮೇಲೆ ಒತ್ತಿದರು. 

ಪಟ್ಟಿ ಹಸಿರಾಯಿತು. ಆರ್ಡರ್ ಹೋಯಿತು.